ಕಂಪನಿಗೆ ಭಾವ ಕೇಳಿದ್ದು

ನಮ್ಮ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ ‘ಟೈಲರ್ ಅಂಗಡಿ ಎಲ್ಲಿ?’ ಎಂದು ಕೇಳಿದರೆ ‘ಯಾವ ಟೈಲರು?’ ಎನ್ನುತ್ತಾರೆ. ‘ಕಂಪನಿ ಟೈಲರು’ ಎಂದರೆ ಸಾಕು, ನಕ್ಕು ದಾರಿ ತೋರಿಸುತ್ತಾರೆ, ಪುರುಸೊತ್ತಿದ್ದರೆ ಅಂಗಡಿಯವರೆಗೂ ಬಂದು ಬಿಡುತ್ತಾರೆ. ಹಾಗೆ ಬಂದವರು ಒಂದು ಗಳಿಗೆ ನಿಂತು ಭಾವನನ್ನು ಕೆಣಕದೆ ಹೋಗುವುದಿಲ್ಲ. ‘ಏನು ಟೈಲರ್ರೇ, ನಿಮ್ಮ ಕಂಪನಿಯವರೆಲ್ಲ ಆರಾಮಾ?’ ಎಂದು ಬೀಗರ ಮನೆಯ ಕ್ಷೇಮ ವಿಚಾರಿಸಿದ ಹಾಗೆ ವಿಚಾರಿಸುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಂಪನಿ ಎಂದರೆ ಫೋನು ತಯಾರಿಸುವ ಒಂದು ಕಂಪನಿ. ಅದರ ಹೆಸರು ಹೇಳಿ ನಾನೇಕೆ ಪುಕ್ಕಟೆ ಪ್ರಚಾರ ಕೊಡಲಿ? ಆ ಕೆಲಸಕ್ಕೆ ಭಾವ ಇದ್ದಾರೆ. ಅವರು ಆ ಕಂಪನಿಯಲ್ಲಿ ಕೆಲಸ ಮಾಡಿದವರಲ್ಲ, ಅದರ ಗೇಟು ಕಂಡವರಲ್ಲ. ಹೊಸ ಫೋನನ್ನು ಕೊಂಡವರೂ ಅಲ್ಲ. ಯಾರೋ ಬಳಸಿ ಬಿಟ್ಟಿದ್ದನ್ನು ರಿಪೇರಿ ಅಂಗಡಿಯಿಂದ ತರುತ್ತಾರೆ. ಕೇಳಿದರೆ, ‘ಹೊಸದು ಕೊಳ್ಳೋರು ಗಿರಾಕಿಗಳು. ನಾನು ಅಭಿಮಾನಿ’ ಎನ್ನುತ್ತಾರೆ.

ಅಂಗಡಿಯಲ್ಲಿ ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಒಂದು ಮೇಜು, ಆಳೆತ್ತರದ ಕನ್ನಡಿ, ಪರದೆ ಎಳೆದು ಮಾಡಿಕೊಂಡ ಒಂದು ಮೂಲೆ. ಪ್ಯಾಂಟು ಹಾಕಿ ನೋಡುವವರು ಆ ಪರದೆಯ ಹಿಂದೆ ಹೋಗುತ್ತಾರೆ. ದಪ್ಪಗಿರುವವರು ಹೋದರೆ ಪರದೆಯೂ ದಪ್ಪಗಾಗುತ್ತದೆ. ನಾನು ಬಾಗಿಲ ಪಕ್ಕದ ಬೆಳಕಿಗೆ ಕೂತು ಕಾಜಾ ಹಾಕುತ್ತೇನೆ, ಅಂದರೆ ಗುಂಡಿ ತೂರುವ ಸೀಳಿಗೆ ಸುತ್ತ ದಾರ ಹೊಲಿಯುತ್ತೇನೆ, ಗುಂಡಿ ಹಚ್ಚುತ್ತೇನೆ, ಅಂಚು ಮಡಿಸುತ್ತೇನೆ. ಇದು ನಾನು ಒಪ್ಪಿಕೊಂಡು ಬಂದ ಕೆಲಸ. ಇದರ ಮೇಲೆ ಇನ್ನೊಂದು ನನ್ನ ತಲೆಗೆ ಗಂಟುಬಿದ್ದಿದೆ. ಭಾವನ ಬೇಡಿಕೆಗಳನ್ನು ಕಂಪನಿಗೆ ಬರೆಯುವುದು.

ಕಂಪನಿಯವರು ತಮ್ಮ ವೆಬ್‌ಸೈಟಿನಲ್ಲಿ ಒಂದು ಜಾಗ ಬಿಟ್ಟಿದ್ದಾರೆ. ‘ನಮ್ಮ ಮುಂದಿನ ಫೋನಿನಲ್ಲಿ ನಿಮಗೆ ಏನೇನು ಬೇಕು?’ ಎಂದು ಅಲ್ಲಿ ಕೇಳುತ್ತಾರೆ. ಇಂಥ ಮಾತನ್ನು ಜನ ಉಪಚಾರಕ್ಕೆ ಕೇಳುತ್ತಾರೆ, ಮರ್ಯಾದಸ್ಥರು ‘ಏನೂ ಬೇಡ’ ಎಂದು ಎದ್ದು ಬರುತ್ತಾರೆ. ಭಾವ ಹಾಗೆ ಎದ್ದು ಬರುವ ಪೈಕಿ ಅಲ್ಲ. ಸೀಮೆಸುಣ್ಣ ಮೆತ್ತಿದ ಕೈಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆಯುತ್ತಲೇ ‘ಬರ್ಕೋ’ ಎನ್ನುತ್ತಾರೆ. ನಾನು ಸೂಜಿಯನ್ನು ನನ್ನ ಕಾಲರಿಗೆ ಚುಚ್ಚಿಟ್ಟು ಅವರ ಫೋನು ಕೈಗೆತ್ತಿಕೊಳ್ಳುತ್ತೇನೆ.

‘ಬರ್ಕೋ. ಫೋನಿನ ಬೆನ್ನಿಗೆ ಗಾಜು ಹಾಕಿದ ಪುಣ್ಯಾತ್ಮ ಯಾರು? ಜಾರುತ್ತೆ. ಬೆನ್ನಿಗೆ ಒರಟು ಗೆರೆಯ ಕಾರ್ಡುರಾಯ್ ಬಟ್ಟೆ ಅಂಟಿಸಿ.’

‘ಪುಣ್ಯಾತ್ಮ ಅನ್ನೋದನ್ನೂ ಬರೀಲಾ?’

‘ಬರಿ. ಹೊಗಳಿದ ಹಾಗಿರುತ್ತೆ. ಆಮೇಲೆ, ಒಂದು ಪಕ್ಕದಲ್ಲಿ ಆಯಸ್ಕಾಂತ ಇರಲಿ. ನೆಲಕ್ಕೆ ಬಿದ್ದ ಗುಂಡುಪಿನ್ನು ಆರಿಸೋಕೆ. ಆಮೇಲೆ, ಗಿರಾಕಿ ಫೋನ್ ಮಾಡಿ ಬಟ್ಟೆ ಆಯ್ತಾ ಅಂತ ಕೇಳಿದ್ರೆ ಫೋನೇ ನನ್ನ ದನೀಲಿ ಉತ್ತರ ಕೊಡಬೇಕು. ಗುಂಡಿ ಒಂದೇ ಬಾಕಿ, ಸಂಜೆ ಬನ್ನಿ ಅಂತ.’

‘ಭಾವ, ಆ ಬಟ್ಟೆ ನೀವಿನ್ನೂ ಕತ್ತರಿಸೇ ಇರಲ್ಲ.’

‘ಅದಕ್ಕೇ ಫೋನ್ ಹೇಳಲಿ ಅನ್ನೋದು. ನಾನು ಹೇಳಿದ್ರೆ ಸುಳ್ಳಾಗುತ್ತೆ.’

ಇನ್ನೊಂದು ಬೇಡಿಕೆ ನನಗೂ ಇಷ್ಟವಾಗಿತ್ತು. ‘ನನ್ನ ಸೊಂಟ ಹೋದ ವರ್ಷದಷ್ಟೇ ಇದೆ, ನೀವೇ ಬಿಗಿ ಹೊಲಿದಿದ್ದೀರಿ’ ಎಂದು ಜಗಳಕ್ಕೆ ಬರುವ ಗಿರಾಕಿಯ ಹೊಟ್ಟೆಯ ಕಡೆ ಫೋನು ತಿರುಗಿಸಿದರೆ, ಅದು ಏನೂ ಮಾತಾಡದೆ ಸಣ್ಣಗೆ ಒಂದು ಸಲ ಕೆಮ್ಮಬೇಕು. ಅಷ್ಟೇ. ಕೆಮ್ಮಿದರೆ ಮಾನವಂತರಿಗೆ ಅರ್ಥವಾಗುತ್ತದೆ ಎಂದು ಭಾವನ ವಾದ.

ನಾನು ಕಳಿಸು ಎಂದು ಒತ್ತುವುದೇ ತಡ, ಕಂಪನಿಯ ಉತ್ತರ ಬಂದು ಬೀಳುತ್ತದೆ. ‘ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು. ಅದನ್ನು ಸಂಬಂಧಪಟ್ಟ ತಂಡಕ್ಕೆ ತಲುಪಿಸಿದ್ದೇವೆ.’ ಪ್ರತಿ ಸಲವೂ ಇದೇ ಎರಡು ಸಾಲು. ಪ್ರತಿ ಸಲವೂ ಭಾವ ಅದನ್ನು ಜೋರಾಗಿ ಓದಿಸಿಕೊಂಡು, ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಂತು ಎನ್ನುವ ಮುಖ ಮಾಡುತ್ತಾರೆ.

‘ನೋಡಿದ್ಯಾ? ಅಲ್ಲಿ ಯಾರೋ ನಮಗೋಸ್ಕರ ಕಾಯ್ತಾ ಕೂತಿದ್ದಾರೆ.’

‘ಭಾವ, ಅದು ಮಶೀನು. ಅದರ ಪಾಡಿಗೆ ಅದು ಕಳಿಸುತ್ತೆ.’

ಭಾವ ತಮ್ಮ ಹೊಲಿಗೆ ಯಂತ್ರದ ಬೆನ್ನು ತಟ್ಟಿದರು. ‘ಇದೂ ಮಶೀನೇ. ತುಳಿಯೋನು ಇಲ್ಲದೆ ಓಡುತ್ತಾ?’

ಭಾವನ ಜೊತೆ ವಾದಕ್ಕಿಳಿದರೆ ಇದೇ ಗೋಳು. ಅವರು ಸೋಲುವುದು ಒಬ್ಬರ ಎದುರಿಗೆ ಮಾತ್ರ, ಅದು ನನ್ನ ಅಕ್ಕ.

ಅಕ್ಕನಿಗೆ ಕಂಪನಿ ಎಂದರೆ ಸವತಿ ಇದ್ದ ಹಾಗೆ, ಆದರೆ ಜಗಳವಾಡುವಷ್ಟು ಬೆಲೆಯನ್ನೂ ಅದಕ್ಕೆ ಕೊಟ್ಟವಳಲ್ಲ. ಭಾವ ಫೋನು ಬದಲಾಯಿಸಿದಾಗ ಹಳೆಯದು ಅವಳಿಗೆ ಬಂತು. ಕಂಪನಿ ಹಿಂದೆಂದೋ ತಯಾರಿಸಿ ನಿಲ್ಲಿಸಿಬಿಟ್ಟ ಪುಟ್ಟ ಫೋನು ಅದು, ಅಂಗೈಯೊಳಗೆ ಮುಚ್ಚಿ ಹೋಗುತ್ತದೆ. ‘ಇಂಥದ್ದು ಇನ್ನೊಂದು ಹುಟ್ಟಲಿಲ್ಲ’ ಎಂದು ಭಾವ ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವವರಂತೆ ಅದನ್ನು ಅವಳ ಕೈಗಿಟ್ಟರು. ಅಕ್ಕ ಅದನ್ನು ಫ್ರಿಜ್ಜಿನ ಮೇಲಿಟ್ಟಳು. ಮರುದಿನ ಅದು ಈರುಳ್ಳಿ ಬುಟ್ಟಿಯಲ್ಲಿತ್ತು. ಆಮೇಲೆ ದಿಂಬಿನ ಕೆಳಗೆ, ಕಿಟಕಿಯ ಕಟ್ಟೆಯಲ್ಲಿ, ಒಂದು ಸಲ ಫ್ರಿಜ್ಜಿನ ಒಳಗೇ ಹಾಲಿನ ಪಕ್ಕ. ನಾವು ಅಂಗಡಿಯಿಂದ ಕರೆ ಮಾಡಿದರೆ ಮನೆಯಲ್ಲಿ ಅದು ಎಲ್ಲೋ ಕೂಗಿಕೊಳ್ಳುತ್ತಿರುತ್ತದೆ, ಅಕ್ಕ ಇನ್ನೆಲ್ಲೋ ಇರುತ್ತಾಳೆ. ಇದೂ ತಮಾಷೆಯ ವಿಷಯವೇ ಆಗಿತ್ತು.

ಆ ತಮಾಷೆ ಮುಗಿದದ್ದು ಅಕ್ಕ ಬಟ್ಟೆ ಒಗೆಯುವ ಜಾಗದಲ್ಲಿ ತಲೆಸುತ್ತಿ ಬಿದ್ದಾಗ. ಅವಳಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗುವುದನ್ನು ಮರೆಯುವುದಿಲ್ಲ, ಆಮೇಲೆ ತಿನ್ನುವುದನ್ನು ಮರೆಯುತ್ತಾಳೆ. ‘ಇದೊಂದು ಕೆಲಸ ಮುಗಿಸಿ ತಿಂತೀನಿ’ ಎನ್ನುವುದು ಅವಳ ಮಂತ್ರ, ಮನೆಗೆಲಸದಲ್ಲಿ ‘ಇದೊಂದು’ ಎನ್ನುವುದು ಎಲ್ಲಿರುತ್ತದೆ? ಆ ದಿನ ರಕ್ತದಲ್ಲಿ ಸಕ್ಕರೆ ಇಳಿದುಹೋಗಿ ಬಿದ್ದವಳನ್ನು ಪಕ್ಕದ ಮನೆಯ ನರ್ಸು ಅಕಸ್ಮಾತ್ ಕಂಡಿದ್ದರಿಂದ ಬದುಕಿದಳು. ಫೋನು ಒಳಗೆ ಮಂಚದ ಮೇಲೆ ಆರಾಮಾಗಿ ಮಲಗಿತ್ತು. ‘ಹೊತ್ತಿಗೆ ಸರಿಯಾಗಿ ತಿನ್ನಿ, ಒಂದು ಚೂರು ಸಿಹಿ ಕೈಗೆ ಸಿಗೋ ಹಾಗಿರಲಿ, ಫೋನು ಸದಾ ಹತ್ತಿರ ಇರಲಿ’ ಎಂದರು ಡಾಕ್ಟರು. ಅಕ್ಕ ಎಲ್ಲದಕ್ಕೂ ತಲೆಯಾಡಿಸಿದಳು. ಮನೆಗೆ ಬಂದು ಫೋನನ್ನು ಫ್ರಿಜ್ಜಿನ ಮೇಲಿಟ್ಟಳು.

ಅವತ್ತಿನಿಂದ ಭಾವನಿಗೆ ಹೆದರಿಕೆ ಹತ್ತಿತು. ಅವಳು ಮತ್ತೆ ಬಿದ್ದರೆ ನಮಗೆ ಯಾರು ಹೇಳುತ್ತಾರೆ? ಬಾಯಿಬಿಟ್ಟು ಹೇಳುವ ಜಾತಿ ಅವರದಲ್ಲ, ಕಂಪನಿಗೆ ಹೇಳಿದರು. ಕಾರ್ಡುರಾಯ್ ಹೋಯಿತು, ಆಯಸ್ಕಾಂತ ಹೋಯಿತು, ಕೆಮ್ಮು ಹೋಯಿತು. ಬೇಡಿಕೆಯೆಲ್ಲ ಒಂದೇ ಆಗಿ ದಿನಕ್ಕೊಂದು ವೇಷದಲ್ಲಿ ಬರತೊಡಗಿತು.

‘ಬರ್ಕೋ. ಫೋನಿಗೆ ಸಣ್ಣ ಚಕ್ರ ಇರಲಿ. ರಿಂಗ್ ಆದ್ರೆ ಅದೇ ಉರುಳ್ಕೊಂಡು ಮನುಷ್ಯರ ಹತ್ತಿರ ಹೋಗಬೇಕು.’

‘ಮೆಟ್ಟಿಲಿದ್ರೆ?’

‘ಹಾರೋ ಹಾಗಿರಲಿ ಹಾಗಾದ್ರೆ. ನೊಣ ಹಾರಲ್ವಾ?’

ಇನ್ನೊಂದು ದಿನ: ಹೆಂಡತಿ ಫೋನು ಬಿಟ್ಟು ಬೇರೆ ಕೋಣೆಗೆ ಹೋದರೆ ಫೋನು ಮಗುವಿನ ಹಾಗೆ ಅಳಬೇಕು. ಅದರ ಮರುದಿನ: ಅಳುವುದು ಬೇಡ, ಅವಳು ರೇಗುತ್ತಾಳೆ, ಒಗ್ಗರಣೆ ಸೀದ ವಾಸನೆ ಬಿಡಲಿ, ಓಡಿ ಬರುತ್ತಾಳೆ. ನಾನು ನಗುತ್ತಾ ಬರೆದೆ, ನಿಜ. ಆದರೆ ಗೆರೆ ಎಳೆಯುವ ಅವರ ಕೈ ನಡುನಡುವೆ ನಿಂತುಬಿಡುತ್ತಿದ್ದುದನ್ನು ಕಂಡಾಗ ನಗು ಅಲ್ಲೇ ಹಿಂಗುತ್ತಿತ್ತು. ಕಂಪನಿ ಮಾತ್ರ ಎಲ್ಲವನ್ನೂ ಸಂಬಂಧಪಟ್ಟ ತಂಡಕ್ಕೆ ತಲುಪಿಸುತ್ತಲೇ ಇತ್ತು. ಆ ತಂಡದವರ ಗತಿ ನೆನೆದು ನನಗೆ ಪಾಪ ಅನ್ನಿಸುತ್ತಿತ್ತು.

ಅಕ್ಕನಿಗೆ ಇದೆಲ್ಲ ಹೇಳಿದರೆ, ‘ಅವರಿಗೂ ಕೆಲಸ ಇಲ್ಲ, ಅವರ ಕಂಪನಿಗೂ ಕೆಲಸ ಇಲ್ಲ’ ಎಂದು ಬಕೆಟ್ ಎತ್ತಿಕೊಂಡು ನಡೆದಳು.

ಹೀಗಿರುವಾಗ ಕಂಪನಿ ಹೊಸ ಫೋನು ಬಿಡುವ ಸುದ್ದಿ ಬಂತು. ಚಿತ್ರವೂ ಬಂತು. ಮೇಜಿನ ಮೇಲೆ ಏನೋ ಇಟ್ಟು ಕಪ್ಪು ಬಟ್ಟೆ ಹೊದಿಸಿದ್ದಾರೆ, ಕೆಳಗೆ ಒಂದೇ ಸಾಲು: ‘ನೀವು ಹೇಳಿದ್ದನ್ನು ನಾವು ಕೇಳಿದ್ದೇವೆ.’

ಭಾವ ಯಂತ್ರ ನಿಲ್ಲಿಸಿದರು. ‘ನೀವು ಅಂದ್ರೆ ಯಾರು?’

‘ಎಲ್ಲರೂ ಭಾವ. ಊರಿಗೆಲ್ಲ ಹಾಕಿರೋ ಜಾಹೀರಾತು.’

‘ಊರೆಲ್ಲ ಬರೀತಾರಾ? ಬರೆಯೋನು ನಾನು.’ ಮೂಗಿನ ಮೇಲೆ ಕನ್ನಡಕ ಏರಿಸಿ ಚಿತ್ರವನ್ನು ಹಿಗ್ಗಿಸಿ ನೋಡಿದರು. ಆಮೇಲೆ ನನ್ನ ಜನ್ಮದಲ್ಲಿ ನೋಡದ ಕೆಲಸವೊಂದನ್ನು ಮಾಡಿದರು. ಕೊರಳಲ್ಲಿದ್ದ ಅಳತೆಯ ಟೇಪು ತೆಗೆದು ಫೋನಿನ ಪರದೆಯ ಮೇಲಿಟ್ಟು ಅಳೆದರು. ‘ಬಟ್ಟೆ ಬಿದ್ದಿರೋ ರೀತಿ ನೋಡು. ನೆರಿಗೆ ನೋಡು, ಎಷ್ಟು ಹತ್ತಿರ ಹತ್ತಿರ ಇದೆ. ಒಳಗಿರೋದು ದೊಡ್ಡದಾಗಿದ್ರೆ ನೆರಿಗೆ ಹೀಗೆ ಬೀಳಲ್ಲ. ಬಟ್ಟೆ ಸುಳ್ಳು ಹೇಳಲ್ಲ ಕಣೇ. ಹಳೇ ಪುಟ್ಟ ಫೋನಿನ ಅಳತೆಗೇ ವಾಪಸ್ ಬರ್ತಿದ್ದಾರೆ.’

ಹೆಜ್ಜೆ ಗುರುತು ನೋಡಿ ಕಳ್ಳನ ಎತ್ತರ ಹೇಳುವವರಿದ್ದಾರಂತೆ. ಮುಚ್ಚಿದ ಬಟ್ಟೆಯ ನೆರಿಗೆ ನೋಡಿ ಒಳಗಿನ ಫೋನಿನ ಅಳತೆ ಹೇಳುವವರು ನಮ್ಮ ಭಾವ ಒಬ್ಬರೇ. ಕೇಳಿ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅದೇ ಹೊತ್ತಿಗೆ ಅಂಗಡಿಯಲ್ಲಿ ಸಮವಸ್ತ್ರದ ಆರ್ಡರು ಇತ್ತು.

ಪೇಟೆಯ ಆಚೆಯ ದೊಡ್ಡ ಗೋದಾಮಿನ ಕಾವಲುಗಾರರಿಗೆಲ್ಲ ಖಾಕಿ ಅಂಗಿ. ಅವರ ಮುಖ್ಯಸ್ಥನನ್ನು ಬೀದಿಯಲ್ಲೆಲ್ಲ ಸೆಲ್ಯೂಟ್ ಎಂದೇ ಕರೆಯುತ್ತಾರೆ. ಹಾಲಿನವನಿಗೂ ಸೆಲ್ಯೂಟ್ ಹೊಡೆಯುವ ಮನುಷ್ಯ. ಅವನು ಒಂದೇ ಮಾತು ಒತ್ತಿ ಹೇಳಿ ಹೋಗಿದ್ದ: ‘ಜೇಬು ಫೋನಿಗೆ ಸರಿಯಾಗಿರಬೇಕು ಟೈಲರ್ರೇ. ಬಗ್ಗಿದ್ರೆ ಬೀಳಬಾರದು.’ ಭಾವ ಮನೆಗೆ ಹೋಗಿ, ಅಕ್ಕನ ಪುಟ್ಟ ಫೋನನ್ನು ಈರುಳ್ಳಿ ಬುಟ್ಟಿಯಿಂದ ಹುಡುಕಿ ತೆಗೆದು, ಅದರ ಸುತ್ತ ಕಾಗದ ಕತ್ತರಿಸಿ ಅಳತೆ ಮಾಡಿಕೊಂಡು ಬಂದರು. ಆ ಕಾಗದವಿಟ್ಟು ಅಷ್ಟೂ ಅಂಗಿಗಳ ಜೇಬು ಕತ್ತರಿಸಿದರು.

‘ಭಾವ, ಅವರ ಹತ್ರ ಇರೋದೆಲ್ಲ ದೊಡ್ಡ ದೊಡ್ಡ ಫೋನು’ ಎಂದು ನಾನು ಬಡಕೊಂಡೆ.

‘ಖಾಕಿ ಬಟ್ಟೆ ವರ್ಷಗಟ್ಟಲೆ ಬಾಳುತ್ತೆ. ಫೋನು ಬಾಳುತ್ತಾ? ಕಂಪನಿ ಪುಟ್ಟದನ್ನ ಮಾರ್ಕೆಟ್ಟಿಗೆ ಬಿಟ್ರೆ ಲೋಕವೆಲ್ಲ ಪುಟ್ಟದಕ್ಕೆ ತಿರುಗುತ್ತೆ. ಆಗ ಇವರೆಲ್ಲ ಬಂದು ನನ್ನ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳ್ತಾರೆ, ನೋಡ್ತಿರು.’

ನೋಡುತ್ತಿದ್ದೆ. ಜೇಬುಗಳೇನೋ ಬಂಗಾರದಂತೆ ಬಂದವು. ಮೇಲೆ ಮುಚ್ಚಳದ ಪಟ್ಟಿ, ಅದಕ್ಕೊಂದು ಗುಂಡಿ, ಪಕ್ಕದಲ್ಲಿ ಪೆನ್ನಿಗೆ ಸಣ್ಣ ಸೀಳು. ಅಷ್ಟಕ್ಕೂ ಕಾಜಾ ಹಾಕಿದವಳು ನಾನು, ಹೊಗಳಿಕೊಂಡರೆ ತಪ್ಪಿಲ್ಲ.

ಫೋನು ಬಿಡುಗಡೆಯಾಗುವ ಬೆಳಿಗ್ಗೆ ಅಂಗಡಿಯಲ್ಲಿ ಜನವೋ ಜನ. ಇಸ್ತ್ರಿಯವನು ಬಂದ, ಎದುರುಗಡೆಯ ಸೈಕಲ್ ಅಂಗಡಿಯವನು ಬಂದ, ಪರದೆಯ ಹಿಂದೆ ಅರ್ಧ ಪ್ಯಾಂಟು ಏರಿಸಿದ್ದವನೂ ತಲೆ ಹೊರಗೆ ಹಾಕಿ ನಿಂತ. ಭಾವನ ಫೋನನ್ನು ದಾರದ ಡಬ್ಬಿಗೆ ಒರಗಿಸಿ ಎಲ್ಲರೂ ಬಗ್ಗಿ ನೋಡಿದೆವು. ಅಲ್ಲೆಲ್ಲೋ ಒಬ್ಬ ಮನುಷ್ಯ ವೇದಿಕೆಯ ಮೇಲೆ ಅತ್ತಿತ್ತ ನಡೆದು, ಮಾತಾಡಿ ಮಾತಾಡಿ ಸುಸ್ತಾದ ಮೇಲೆ ಬಟ್ಟೆ ಎಳೆದ.

ಫೋನಲ್ಲ ಅದು, ತಟ್ಟೆ. ಊಟಕ್ಕೆ ಕೂರಬಹುದಿತ್ತು. ಹಳೆಯ ಎಲ್ಲ ಫೋನುಗಳಿಗಿಂತ ದೊಡ್ಡದು ಎಂದು ಆ ಮನುಷ್ಯ ಬೇರೆ ಹೆಮ್ಮೆಯಿಂದ ಹೇಳಿದ. ‘ದೊಡ್ಡದು ಬೇಕೆಂದು ನೀವು ಕೇಳಿದಿರಿ’ ಎಂದೂ ಹೇಳಿದ.

ಇಸ್ತ್ರಿಯವನು ಮೆಲ್ಲಗೆ, ‘ಟೈಲರ್ರೇ, ಬಟ್ಟೆ ಸುಳ್ಳು ಹೇಳಲ್ಲ ಅಂದಿದ್ರಲ್ಲ?’ ಎಂದ.

‘ಹತ್ತಿ ಅಂದ್ಕೊಂಡಿದ್ದೆ’ ಎಂದರು ಭಾವ. ‘ವೆಲ್ವೆಟ್ ಹಾಕಿದ್ದಾರೆ. ಮೋಸ.’

ನಗು ಇನ್ನೂ ಮುಗಿದಿರಲಿಲ್ಲ, ಸೆಲ್ಯೂಟ್ ತನ್ನ ಅಂಗಿ ನೋಡಲು ಬಂದ. ಹಾಕಿಕೊಂಡ, ಕನ್ನಡಿಯ ಮುಂದೆ ಎದೆ ಉಬ್ಬಿಸಿದ, ಫೋನು ತೆಗೆದು ಜೇಬಿಗೆ ತುರುಕಿದ. ಕಾಲು ಭಾಗ ಒಳಗೆ, ಮುಕ್ಕಾಲು ಭಾಗ ಹೊರಗೆ. ಏನೋ ಸರಿ ಇಲ್ಲ ಎಂದು ಅವನಿಗೆ ಹೊಳೆಯುವ ಮೊದಲೇ ಅಭ್ಯಾಸಬಲದಿಂದ ಕನ್ನಡಿಗೆ ಒಂದು ಸೆಲ್ಯೂಟ್ ಹೊಡೆದ. ಫೋನು ಹಾರಿ ಹೋಗಿ ಸೈಕಲ್ ಅಂಗಡಿಯವನ ಪಾದದ ಮೇಲೆ ಬಿತ್ತು. ಪಾದ ಮೆತ್ತಗಿದ್ದುದರಿಂದ ಫೋನು ಉಳಿಯಿತು. ಪಾದದವನು ಒಂಟಿಕಾಲಲ್ಲಿ ಕುಣಿಯುತ್ತಾ ಹೊರಗೆ ಹೋದ.

ಆಮೇಲೆ ಇನ್ನೇನು, ಎಲ್ಲ ಜೇಬುಗಳನ್ನೂ ಬಿಚ್ಚಿ ದೊಡ್ಡದು ಹಚ್ಚಿಕೊಡುವುದೆಂದು ತೀರ್ಮಾನವಾಯಿತು. ಹೊಲಿದದ್ದನ್ನು ಬಿಚ್ಚುವುದು ಹೊಲಿಯುವುದಕ್ಕಿಂತ ಕಷ್ಟ, ಅದರಲ್ಲೂ ಚೆನ್ನಾಗಿ ಹೊಲಿದಿದ್ದರೆ ಇನ್ನೂ ಕಷ್ಟ. ನಾನು ಬ್ಲೇಡು ಹಿಡಿದು ಒಂದೊಂದೇ ಹೊಲಿಗೆ ಕೊಯ್ಯುತ್ತಾ, ಭಾವನಿಗೆ, ಕಂಪನಿಗೆ, ಕಂಪನಿಯ ಸಂಬಂಧಪಟ್ಟ ತಂಡಕ್ಕೆ, ಎಲ್ಲರಿಗೂ ಬೈದೆ. ಮಡಿಲ ತುಂಬ ಪುಟ್ಟ ಖಾಕಿ ಜೇಬುಗಳು ರಾಶಿಯಾದವು. ಭಾವನೂ ಎದುರಿಗೆ ಕೂತು ಬಿಚ್ಚಿದರು. ಹೊಸ ಜೇಬಿಗೆ ಬಟ್ಟೆ ಸಾಲದೆಂದು ಗೊತ್ತಾದಾಗ, ಮನೆಯಲ್ಲಿ ಉಳಿದ ಖಾಕಿಯ ಗಂಟು ತೆಗೆದಿಡಲು ಹೇಳೋಣವೆಂದು ಅಕ್ಕನಿಗೆ ಫೋನು ಮಾಡಿದರು.

ಎತ್ತಲಿಲ್ಲ.

‘ಈರುಳ್ಳಿ ಬುಟ್ಟಿ’ ಎಂದೆ ನಾನು.

ಮತ್ತೆ ಮಾಡಿದರು. ಎತ್ತಲಿಲ್ಲ. ಮತ್ತೆ. ಪಕ್ಕದ ಮನೆಯ ನರ್ಸಿಗೆ ಮಾಡಿದರು. ‘ನಾನು ಡ್ಯೂಟಿಲಿದ್ದೀನಿ ಅಣ್ಣ’ ಎಂದಿತು ಆ ಕಡೆಯ ದನಿ. ಭಾವ ಫೋನು ಇಳಿಸಿ ನನ್ನ ಮುಖ ನೋಡಿದರು. ಕೈಯಲ್ಲಿ ಬಿಚ್ಚುತ್ತಿದ್ದ ಜೇಬು ಹಾಗೇ ಇತ್ತು. ಎದ್ದು ಹೊರಟೇಬಿಟ್ಟರು. ನಾನು ಮಡಿಲಿನದೆಲ್ಲ ನೆಲಕ್ಕೆ ಕೊಡವಿ, ಅಂಗಡಿ ನೋಡಿಕೊಳ್ಳಲು ಇಸ್ತ್ರಿಯವನಿಗೆ ಕೂಗಿ ಹೇಳಿ ಹಿಂದೆ ಓಡಿದೆ. ಮನೆ ಹಿಂದಿನ ಬೀದಿಯಲ್ಲೇ. ಅವತ್ತು ಆ ಬೀದಿ ಎಷ್ಟು ಓಡಿದರೂ ಮುಗಿಯುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಯಾರೂ ಇಲ್ಲ. ಬಟ್ಟೆ ಒಗೆಯುವ ಜಾಗದಲ್ಲಿ ಇಲ್ಲ. ಫ್ರಿಜ್ಜಿನ ಮೇಲೆ ಫೋನು ಮಾತ್ರ ಇತ್ತು. ಭಾವ ಅದನ್ನು ಕಿತ್ತುಕೊಂಡು, ‘ಏ, ಎಲ್ಲಿದ್ದೀಯ?’ ಎಂದು ಕೂಗಿದರು. ಮನೆಯೆಲ್ಲ ಕೇಳುವ ಹಾಗೆ ಅವರು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

‘ಇಲ್ಲಿ’ ಎಂದಿತು ಮೇಲಿಂದ ಸಣ್ಣ ದನಿ.

ತಾರಸಿಯ ಮೆಟ್ಟಿಲ ತುದಿಯಲ್ಲಿ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಮುಖವೆಲ್ಲ ಬೆವರು, ಕೈ ನಡುಗುತ್ತಿತ್ತು. ಪಕ್ಕದಲ್ಲಿ ಒದ್ದೆ ಬಟ್ಟೆಯ ಬಕೆಟ್. ನಾನು ಕೆಳಗೋಡಿ ನೀರಿಗೆ ಸಕ್ಕರೆ ಸುರಿದು ತಂದು ಕುಡಿಸಿದೆ. ಭಾವ ಅವಳ ಬೆನ್ನಿಗೆ ಕೈ ಕೊಟ್ಟು ಕೂತಿದ್ದರು. ಅವಳ ಮುಖಕ್ಕೆ ಬಣ್ಣ ಬರುವವರೆಗೂ ನಾವಿಬ್ಬರೂ ಸರಿಯಾಗಿ ಉಸಿರಾಡಿದ ನೆನಪಿಲ್ಲ.

‘ರಿಂಗ್ ಕೇಳಿಸ್ತಾನೇ ಇತ್ತು’ ಎಂದಳು ಅಕ್ಕ ಆಮೇಲೆ. ‘ಚೆನ್ನಾಗಿ ಕೇಳಿಸುತ್ತೆ ನಿಮ್ಮ ಕಂಪನಿ ಫೋನು. ಎದ್ರೆ ಉರುಳಿ ಬೀಳ್ತೀನಿ ಅನ್ನಿಸ್ತು. ಅದು ಕೆಳಗೆ, ನಾನು ಮೇಲೆ.’

ಹೆದರಿಕೆ ಇಳಿದ ಮೇಲೆ ಗಂಡಸರಿಗೆ ಸಿಟ್ಟು ಬರುತ್ತದೆ. ಭಾವನಿಗೂ ಬಂತು. ‘ನಾನು ಬೊಗಳೋದು ಕೇಳಿದ್ಯಾ ಯಾವತ್ತಾದ್ರೂ? ಫೋನು ಜೊತೇಲಿ ಇಟ್ಕೋ, ಇಟ್ಕೋ ಅಂತ ಬಡಕೊಂಡೆ. ಮೇಲೆ ಬರುವಾಗ ತರೋಕೇನು?’

ಅಕ್ಕ ತಲೆ ಎತ್ತಿದಳು. ಸಕ್ಕರೆ ಸರಿಯಾಗಿ ಏರಿತ್ತು ಎಂದು ನನಗೆ ಆಗ ಗೊತ್ತಾಯಿತು.

‘ಒಂದು ಕೈಲಿ ಬಕೆಟ್ಟು, ಒಂದು ಕೈಲಿ ಕ್ಲಿಪ್ಪಿನ ಡಬ್ಬಿ. ಫೋನು ಬೆಕ್ಕು ಮರಿ ಕಚ್ಕೊಂಡು ಹೋಗೋ ಹಾಗೆ ಬಾಯಲ್ಲಿ ಕಚ್ಕೊಂಡು ಬರ್ಲಾ? ಎಲ್ಲಿಟ್ಕೊಳ್ಲಿ ಹೇಳಿ. ತೋರಿಸಿ, ಎಲ್ಲಿಟ್ಕೊಳ್ಲಿ?’

ತೋರಿಸಿ ಎಂದು ಎರಡೂ ಕೈ ಅಗಲಿಸಿದಳು. ಮೈಮೇಲಿದ್ದದ್ದು ಹೂವಿನ ನೈಟಿ. ಭಾವನೇ ಹೊಲಿದದ್ದು. ಕತ್ತಿಗೆ ಪೈಪಿಂಗ್ ಇತ್ತು, ತೋಳಿಗೆ ಫ್ರಿಲ್ ಇತ್ತು, ಬೆನ್ನ ಹಿಂದೆ ಬಿಗಿಯಲು ದಾರ ಇತ್ತು. ಜೇಬು ಇರಲಿಲ್ಲ.

ಭಾವ ಆ ನೈಟಿಯನ್ನು ಮೇಲಿಂದ ಕೆಳಗೆ ನೋಡಿದರು. ನಾನೂ ನೋಡಿದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಕಂಡವರ ಎದೆಗೆಲ್ಲ ಜೇಬು ಹಚ್ಚಿ ಕಳಿಸಿದ ಮನುಷ್ಯ, ಹೆಂಡತಿಯ ಫೋನಿಗೆ ಚಕ್ರ ಹಚ್ಚಿ ರೆಕ್ಕೆ ಹಚ್ಚಿ ಎಂದು ಎಲ್ಲಿಯೋ ಇರುವವರಿಗೆ ಬರೆಸುತ್ತಿದ್ದರು. ಬರೆಯುತ್ತಿದ್ದ ನನ್ನ ಕಾಲರಿನಲ್ಲಿ ಸೂಜಿ ಇರುತ್ತಿತ್ತು. ನಾವಿಬ್ಬರೂ ಸೇರಿದರೆ ಒಂದು ಕತ್ತೆಯ ಬುದ್ಧಿಯೂ ಆಗುವುದಿಲ್ಲ ಎಂದು ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ.

ಅಷ್ಟು ಹೊತ್ತೂ ಭಾವನ ಎಡಗೈ ಮುಷ್ಟಿಯಲ್ಲೇ ಇತ್ತು. ಬಿಡಿಸಿದರು. ಅಂಗಡಿಯಿಂದ ಹಾಗೇ ಹಿಡಿದು ಓಡಿಬಂದ ಖಾಕಿ ಜೇಬು, ಮುದ್ದೆಯಾಗಿತ್ತು. ತೊಡೆಯ ಮೇಲಿಟ್ಟು ತೀಡಿ ನೆಟ್ಟಗೆ ಮಾಡಿದರು.

‘ಸೂಜಿ ಕೊಡು.’

ಕಾಲರಿನಿಂದ ತೆಗೆದು ಕೊಟ್ಟೆ. ದಾರ ಇನ್ನೂ ಪೋಣಿಸಿಯೇ ಇತ್ತು. ಭಾವ ಅಕ್ಕನ ಕಡೆ ತಿರುಗಿ, ಅಂಗಡಿಗೆ ಬಂದ ಗಿರಾಕಿಯನ್ನು ಕೇಳುವ ದನಿಯಲ್ಲಿ ಕೇಳಿದರು:

‘ಯಾವ ಕಡೆ ಬೇಕು?’

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಗಂಡ ಅವಳಿಗೆ ರಾಶಿ ಬಟ್ಟೆ ಹೊಲಿದಿದ್ದಾರೆ. ಇಂಥದ್ದು ಎಲ್ಲಿ ಬೇಕು ಎಂದು ಯಾವತ್ತೂ ಕೇಳಿರಲಿಲ್ಲ. ಎಡಗೈ ಇಳಿಬಿಟ್ಟು ನೋಡಿದಳು, ಬಲಗೈ ಇಳಿಬಿಟ್ಟು ನೋಡಿದಳು. ‘ಎಡಗಡೆ’ ಎಂದಳು. ‘ಬಲಗೈಲಿ ಬಕೆಟ್ ಇರುತ್ತೆ.’

ಮೆಟ್ಟಿಲ ಮೇಲೇ ಕೂತು ಭಾವ ಕೈಹೊಲಿಗೆ ಹಾಕಿದರು. ಹಳದಿ ಹೂವುಗಳ ಮಧ್ಯೆ ಖಾಕಿ ಜೇಬು, ಮುಚ್ಚಳ ಸಮೇತ, ಗುಂಡಿ ಸಮೇತ. ಪುಟ್ಟ ಫೋನನ್ನು ಒಳಗಿಳಿಸಿದರು. ಎರಕ ಹೊಯ್ದ ಹಾಗೆ ಕೂತುಕೊಂಡಿತು. ಕೂರದೆ ಏನು, ಅದರ ಸುತ್ತಲೇ ಕಾಗದವಿಟ್ಟು ಕತ್ತರಿಸಿದ್ದಲ್ಲವೇ? ನಾನು ಕೆಳಗೆ ಹೋಗಿ ಒಂದು ಉದ್ದನೆಯ ಪೆಪ್ಪರ್‌ಮಿಂಟು ತಂದು ಪೆನ್ನಿನ ಸೀಳಿಗೆ ತೂರಿಸಿದೆ. ಅದೂ ಸರಿಹೋಯಿತು.

ಅಕ್ಕ ಬಗ್ಗಿ ನೋಡಿಕೊಂಡಳು. ಗುಂಡಿ ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು. ‘ಇದೇನ್ರೀ, ನಾನು ಇನ್ನು ಮೇಲೆ ಗೇಟು ಕಾಯಬೇಕಾ?’ ಎಂದು ನಗಲು ಹೋದವಳು ಯಾಕೋ ನೈಟಿಯ ತೋಳಿನಿಂದ ಕಣ್ಣೊರೆಸಿಕೊಂಡಳು. ಭಾವ ನನ್ನ ಕಡೆ ತಿರುಗಿ, ‘ಏನು ನಿಂತು ನೋಡ್ತೀಯ? ಬಟ್ಟೆ ಒಣಗಹಾಕು’ ಎಂದು ಗದರಿದರು. ಗದರಿಸಿಕೊಂಡದ್ದಕ್ಕೆ ನನ್ನ ಜೀವನದಲ್ಲಿ ಮೊದಲ ಬಾರಿ ಸಂತೋಷವಾಯಿತು.

ಬಿಚ್ಚಿದ ಜೇಬುಗಳಲ್ಲಿ ಒಂದೂ ದಂಡವಾಗಲಿಲ್ಲ. ಅಕ್ಕನ ನೈಟಿಗಳಿಗೆಲ್ಲ ಖಾಕಿ ಜೇಬು ಬಂತು. ಮೊದಲು ಕಂಡದ್ದು ಪಕ್ಕದ ಮನೆಯ ನರ್ಸು, ಅವಳು ತನಗೂ ಬೇಕೆಂದಳು. ಅವಳನ್ನು ಕಂಡು ಅವಳ ಅತ್ತೆ. ಈಗ ನಮ್ಮ ಬೀದಿಯ ಹೆಂಗಸರು ಬೆಳಿಗ್ಗೆ ಬಾಗಿಲಿಗೆ ಬಂದು ನಿಂತರೆ ಗೋದಾಮಿನ ಕಾವಲು ಪಡೆ ನಿಂತ ಹಾಗಿರುತ್ತದೆ. ಒಂದು ದಿನ ಆ ಕಡೆ ಹಾದು ಹೋದ ಸೆಲ್ಯೂಟ್, ಆ ಹೆಂಗಸರಿಗೂ ಸೆಲ್ಯೂಟ್ ಹೊಡೆದ. ಅವನ ಫೋನು ಈ ಸಲ ಜೇಬಿನಲ್ಲೇ ಉಳಿಯಿತು.

ಭಾವ ಕಂಪನಿಯ ಅಭಿಮಾನ ಬಿಟ್ಟರೇ? ನಾಯಿ ಬಾಲ ನೆಟ್ಟಗಾದರೂ ಅದು ಆಗುವ ಮಾತಲ್ಲ. ಮೆಟ್ಟಿಲ ಮೇಲೆ ಜೇಬು ಹೊಲಿದ ಮರುದಿನವೇ ಗೆರೆ ಎಳೆಯುತ್ತಾ ‘ಬರ್ಕೋ’ ಎಂದರು.

‘ಸ್ವಾಮಿ, ಚಕ್ರ ಬೇಡ, ರೆಕ್ಕೆ ಬೇಡ. ಆ ತಂಡದವರನ್ನ ಮನೆಗೆ ಕಳಿಸಿ, ಮಲಗಲಿ. ಆ ಕೆಲಸ ಇಲ್ಲಿ ನಾವೇ ಮಾಡ್ಕೊಂಡ್ವಿ. ಆ ಹಳೇ ಪುಟ್ಟ ಫೋನೊಂದನ್ನ ಮತ್ತೆ ತಯಾರು ಮಾಡಿ. ಇದು ಕೆಟ್ಟು ಹೋದ್ರೆ ಮತ್ತೆ ಜೇಬು ಬಿಚ್ಚಬೇಕಾಗುತ್ತೆ, ಬಿಚ್ಚೋಳು ನನ್ನ ನಾದಿನಿ, ಅವಳ ಬಾಯಿ ನಿಮಗೆ ಗೊತ್ತಿಲ್ಲ.’

ಅಷ್ಟನ್ನೂ ಬರೆದು ಕಳಿಸಿದೆ. ಅಮೂಲ್ಯ ಸಲಹೆಗೆ ಧನ್ಯವಾದ ಬಂತು. ಭಾವ ಓದಿಸಿಕೊಂಡು ತಲೆದೂಗಿ, ಕತ್ತರಿ ಕೆಳಗಿಟ್ಟು, ಫೋನು ಈಸಿಕೊಂಡು ಮನೆಗೆ ಕರೆ ಮಾಡಿದರು. ಎದುರಿಗೆ ಪ್ಯಾಂಟಿನ ಅಳತೆಗೆ ನಿಂತಿದ್ದ ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು ಕಾಯುತ್ತಿದ್ದ.

ರಿಂಗ್ ಒಂದು ಸಲ ಪೂರ್ತಿ ಆಗಲಿಲ್ಲ.

‘ಏನ್ರೀ?’ ಎಂದಳು ಅಕ್ಕ. ಅವಳ ದನಿ ನನ್ನವರೆಗೂ ಕೇಳಿತು.

ಅವಳು ಎತ್ತಿದರೆ ಏನು ಮಾತಾಡಬೇಕೆಂದು ಇಷ್ಟು ವರ್ಷ ಭಾವನಿಗೆ ಯೋಚಿಸುವ ಪ್ರಮೇಯವೇ ಬಂದಿರಲಿಲ್ಲ.

‘ಏನಿಲ್ಲ’ ಎಂದರು. ‘ತಿಂದ್ಯಾ?’

‘ಇದೊಂದು ಕೆಲಸ ಮುಗಿಸಿ...’

‘ತಿನ್ನು ಮೊದ್ಲು. ನಾನು ಇಡಲ್ಲ. ತಿಂದಿದ್ದು ಕೇಳಿಸ್ಬೇಕು.’

ಆ ಕಡೆಯಿಂದ ಬೈಗುಳ ಬಂತು, ಆಮೇಲೆ ತಟ್ಟೆಯ ಸದ್ದು ಬಂತು. ಭಾವ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಅವಳು ತಿಂದು ಮುಗಿಸುವವರೆಗೂ ಆ ಗಿರಾಕಿಯ ಸೊಂಟವನ್ನು ನಿಧಾನವಾಗಿ ಅಳೆಯುತ್ತಲೇ ಇದ್ದರು.